ಲೂಸಿಯ ಎರಡನೇ ಸೀಸನ್: ಹೆರಿಗೆಯ ಕಂತಿನಾಚೆಗೆ ನೋಡಬೇಕಾದದ್ದು

ಪ್ರಶ್ನೆ: ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ನೋಡಿ ಬೆಳೆದವಳು ನಾನು. ಅಮೆರಿಕದ ಹಳೆಯ ಹಾಸ್ಯ ಧಾರಾವಾಹಿ ‘ಐ ಲವ್ ಲೂಸಿ’ಯನ್ನು ಹೈಸ್ಕೂಲಿನಲ್ಲಿ ಓದುತ್ತಿರುವ ಮಗಳ ಜೊತೆ ನೋಡಬೇಕೆಂದಿದ್ದೇನೆ. ಆರೂ ಸೀಸನ್ ನೋಡುವಷ್ಟು ಪುರುಸೊತ್ತಿಲ್ಲ. ಎರಡನೆಯದೊಂದನ್ನು ನೋಡಿದರೆ ಸಾಕು ಎಂದು ಹಲವರು ಹೇಳಿದರು. ಟಿವಿಯಲ್ಲಿ ಬಸುರಿ ಹೆಂಗಸನ್ನು ಮೊದಲ ಬಾರಿಗೆ ತೋರಿಸಿದ್ದು ಅದರಲ್ಲೇ ಎಂದೂ, ನಟಿಗೂ ಆಕೆಯ ಪಾತ್ರಕ್ಕೂ ಒಂದೇ ದಿನ ಹೆರಿಗೆಯಾಯಿತೆಂದೂ ಕೇಳಿದ್ದೇನೆ. ಇದು ನಿಜವೇ? ಎಪ್ಪತ್ತು ವರ್ಷದ ಹಿಂದಿನ ಹಾಸ್ಯಕ್ಕೆ ಇವತ್ತಿನ ಮಕ್ಕಳು ನಗುತ್ತಾರೆಯೇ?

ಉತ್ತರ: ಒಂದೇ ಸೀಸನ್ ನೋಡುವುದಾದರೆ ಖಂಡಿತ ಎರಡನೆಯದನ್ನೇ ನೋಡಿ. ಸಲಹೆ ಸರಿಯಾಗಿಯೇ ಇದೆ, ಅದಕ್ಕೆ ಕೊಡುವ ಕಾರಣ ಮಾತ್ರ ಅಷ್ಟು ಸರಿಯಲ್ಲ. ಅಮೆರಿಕದ ಟಿವಿಯಲ್ಲಿ ಬಸುರಿಯನ್ನು ಮೊದಲು ತೋರಿಸಿದವಳು ಲೂಸಿ ಅಲ್ಲ. 1947ರ ನವೆಂಬರಿನಲ್ಲಿ ಡುಮಾಂಟ್ ವಾಹಿನಿಯಲ್ಲಿ ಶುರುವಾದ ‘ಮೇರಿ ಕೇ ಆ್ಯಂಡ್ ಜಾನಿ’ ಎಂಬ ಹಾಸ್ಯ ಸರಣಿಯಲ್ಲಿ ನಿಜಜೀವನದ ಗಂಡಹೆಂಡಿರಾದ ಸ್ಟರ್ನ್ಸ್ ದಂಪತಿ ನಟಿಸುತ್ತಿದ್ದರು. 1948ರಲ್ಲಿ ಮೇರಿ ಕೇ ಗರ್ಭಿಣಿಯಾದಾಗ ಅದನ್ನು ಕಥೆಯಲ್ಲೇ ಸೇರಿಸಿಕೊಂಡರು. ಆದರೆ ಆ ಸರಣಿ ನೇರಪ್ರಸಾರವಾಗುತ್ತಿತ್ತು, ಅದರ ಕಂತುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಇಂದು ಕಳೆದುಹೋಗಿವೆ. ಹಾಗಾಗಿ ಮೊದಲನೆಯವಳು ಜನರ ನೆನಪಿನಿಂದ ಮರೆಯಾದಳು, ಲೂಸಿ ಉಳಿದಳು. ಲೂಸಿ ಹೇಗೆ ಉಳಿದಳು ಎಂಬುದನ್ನು ಹಿಡಿದು ಹೊರಟರೆ ಈ ಸೀಸನ್ನಿನ ನಿಜವಾದ ಹಿರಿಮೆ ಸಿಗುತ್ತದೆ.

ಮೊದಲು ಕಥೆಯ ಹಂದರವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ನ್ಯೂಯಾರ್ಕಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಲೂಸಿ ರಿಕಾರ್ಡೊ ಎಂಬ ಗೃಹಿಣಿ ಇದ್ದಾಳೆ. ಆಕೆಯ ಗಂಡ ರಿಕಿ ಕ್ಯೂಬಾದಿಂದ ಬಂದ ಗಾಯಕ, ಟ್ರಾಪಿಕಾನಾ ಎಂಬ ಕ್ಲಬ್ಬಿನಲ್ಲಿ ವಾದ್ಯವೃಂದ ನಡೆಸುತ್ತಾನೆ. ಮನೆಯ ಮಾಲೀಕರಾದ ಫ್ರೆಡ್ ಮತ್ತು ಎಥಲ್ ಮರ್ಟ್ಜ್ ದಂಪತಿ ಇವರ ಆಪ್ತರು. ತಾನೂ ಗಂಡನಂತೆ ವೇದಿಕೆ ಹತ್ತಬೇಕೆಂಬ ಲೂಸಿಯ ಹಂಬಲ, ಮನೆಯಲ್ಲೇ ಇರಬೇಕೆಂಬ ರಿಕಿಯ ಹಟ, ನಡುವೆ ಸಿಕ್ಕಿಕೊಳ್ಳುವ ಮರ್ಟ್ಜ್ ದಂಪತಿ: ಇಷ್ಟರಲ್ಲೇ ಆರು ಸೀಸನ್ ನಡೆಯುತ್ತದೆ. ಲೂಸಿಯಾಗಿ ನಟಿಸಿದ ಲೂಸಿಲ್ ಬಾಲ್ ಮತ್ತು ರಿಕಿಯಾಗಿ ನಟಿಸಿದ ಡೆಸಿ ಅರ್ನಾಜ್ ನಿಜಜೀವನದಲ್ಲೂ ಗಂಡಹೆಂಡಿರು. ರೇಡಿಯೊದಲ್ಲಿ ಹೆಸರು ಮಾಡಿದ್ದ ಲೂಸಿಲ್‌ರನ್ನು ಸಿಬಿಎಸ್ ವಾಹಿನಿ ಟಿವಿಗೆ ಕರೆದಾಗ, ತನ್ನ ಗಂಡನೇ ಗಂಡನ ಪಾತ್ರ ಮಾಡಬೇಕೆಂದು ಆಕೆ ಪಟ್ಟು ಹಿಡಿದರು. ಕ್ಯೂಬಾದವನನ್ನು ಅಮೆರಿಕನ್ ಹೆಣ್ಣಿನ ಗಂಡನೆಂದು ಜನ ಒಪ್ಪುವುದಿಲ್ಲ ಎಂಬುದು ವಾಹಿನಿಯವರ ಅಳುಕು. ದಂಪತಿ 1950ರಲ್ಲಿ ಊರೂರು ತಿರುಗಿ ರಂಗದ ಮೇಲೆ ಜೊತೆಯಾಗಿ ಕಾರ್ಯಕ್ರಮ ಕೊಟ್ಟು, ಜನ ಒಪ್ಪುತ್ತಾರೆಂದು ತೋರಿಸಿಕೊಟ್ಟರು.

ಇನ್ನು ಚಿತ್ರೀಕರಣದ ರೀತಿ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇದು ತಿಳಿಯದಿದ್ದರೆ ಹೆರಿಗೆಯ ಕಂತಿನ ಬಗ್ಗೆ ನೀವು ಕೇಳಿದ ಪ್ರಶ್ನೆಗೂ ಉತ್ತರ ಸಿಗುವುದಿಲ್ಲ. ಆ ಕಾಲದ ಹೆಚ್ಚಿನ ಹಾಸ್ಯ ಕಾರ್ಯಕ್ರಮಗಳು ನ್ಯೂಯಾರ್ಕಿನಿಂದ ನೇರಪ್ರಸಾರವಾಗುತ್ತಿದ್ದವು. ದೂರದ ಊರುಗಳಿಗೆಂದು ಟಿವಿ ಪರದೆಯ ಮೇಲಿನ ಚಿತ್ರವನ್ನೇ ಇನ್ನೊಂದು ಕ್ಯಾಮೆರಾದಲ್ಲಿ ಸೆರೆಹಿಡಿದು, ಕಿನೆಸ್ಕೋಪ್ ಎಂಬ ಆ ಮಸುಕು ಪ್ರತಿಯನ್ನು ಕಳಿಸುತ್ತಿದ್ದರು. ಪ್ರಾಯೋಜಕರಾಗಿದ್ದ ಫಿಲಿಪ್ ಮಾರಿಸ್ ಸಿಗರೇಟು ಕಂಪನಿಗೂ ನ್ಯೂಯಾರ್ಕಿನ ನೇರಪ್ರಸಾರವೇ ಬೇಕಿತ್ತು. ಹಾಲಿವುಡ್ ಬಿಟ್ಟು ಬರಲು ಮನಸ್ಸಿಲ್ಲದ ದಂಪತಿ, ಹಾಲಿವುಡ್ಡಿನಲ್ಲೇ ಫಿಲ್ಮಿನ ಮೇಲೆ ಚಿತ್ರೀಕರಿಸಿ ಕಳಿಸುತ್ತೇವೆ ಎಂದರು. ಖರ್ಚು ಹೆಚ್ಚಾಯಿತು. ಅದನ್ನು ಸರಿದೂಗಿಸಲು ತಮ್ಮ ಸಂಭಾವನೆಯಲ್ಲಿ ಕಡಿತಕ್ಕೆ ಒಪ್ಪಿದರು, ಅದರ ಬದಲಿಗೆ ಕಂತುಗಳ ಮಾಲೀಕತ್ವವನ್ನು ತಮ್ಮ ಕಂಪನಿಯಾದ ಡೆಸಿಲುಗೆ ಪಡೆದುಕೊಂಡರು. ಒಮ್ಮೆ ತೋರಿಸಿದ ಕಾರ್ಯಕ್ರಮಕ್ಕೆ ಮತ್ತೆ ಬೆಲೆ ಇರುತ್ತದೆಂದು ಆಗ ಯಾರೂ ಅಷ್ಟಾಗಿ ಎಣಿಸಿರಲಿಲ್ಲ.

ಫಿಲ್ಮಿನ ಮೇಲೆ ತೆಗೆಯುವುದೇನೋ ಸರಿ, ಆದರೆ ಲೂಸಿಲ್‌ರ ಅಭಿನಯ ಕಳೆಗಟ್ಟುತ್ತಿದ್ದದ್ದು ಎದುರಿಗೆ ಜನರಿದ್ದಾಗ. ಸಿನಿಮಾದಂತೆ ತುಂಡುತುಂಡಾಗಿ ತೆಗೆದರೆ ಆ ಕಳೆ ಹೋಗುತ್ತದೆ. ಆದ್ದರಿಂದ ಸ್ಟುಡಿಯೊದ ಒಳಗೇ ಸುಮಾರು 300 ಆಸನಗಳನ್ನು ಹಾಕಿ, ನಾಟಕದಂತೆ ಮೊದಲಿನಿಂದ ಕೊನೆಯವರೆಗೆ ಅಭಿನಯಿಸುತ್ತ, ಮೂರು 35 ಎಂಎಂ ಕ್ಯಾಮೆರಾಗಳಲ್ಲಿ ಏಕಕಾಲಕ್ಕೆ ಚಿತ್ರೀಕರಿಸುವ ವ್ಯವಸ್ಥೆ ಮಾಡಿಕೊಂಡರು. ಇದಕ್ಕೆ ಬೆಳಕು ಹೊಂದಿಸಿದವರು ಕಾರ್ಲ್ ಫ್ರಾಯ್ಂಡ್. ಜರ್ಮನಿಯ ಮೂಕಿಚಿತ್ರ ‘ಮೆಟ್ರೊಪೊಲಿಸ್’ಗೆ ಕ್ಯಾಮೆರಾ ಹಿಡಿದವರು, ಹಾಲಿವುಡ್ಡಿಗೆ ಬಂದು ಆಸ್ಕರ್ ಗಳಿಸಿದ್ದವರು. ಮೂರು ಕ್ಯಾಮೆರಾಗಳೂ ಬೇರೆಬೇರೆ ಕೋನದಿಂದ ನೋಡುವಾಗ ಒಂದಕ್ಕೆ ಹೊಂದಿಸಿದ ಬೆಳಕು ಇನ್ನೊಂದಕ್ಕೆ ನೆರಳಾಗುತ್ತದೆ, ನೆಲದ ಮೇಲೆ ದೀಪ ಇಟ್ಟರೆ ಕ್ಯಾಮೆರಾ ಓಡಾಡಲು ಜಾಗವಿರುವುದಿಲ್ಲ. ಅವರು ದೀಪಗಳನ್ನೆಲ್ಲ ಮೇಲಿನಿಂದ ಇಳಿಬಿಟ್ಟು ಇಡೀ ಸೆಟ್ಟಿಗೆ ಸಮನಾಗಿ ಬೆಳಕು ಹರಡುವಂತೆ ಮಾಡಿದರು, ಟಿವಿ ಪರದೆಯಲ್ಲಿ ಕಪ್ಪುಬಿಳುಪಿನ ಅಂತರ ಕಣ್ಣಿಗೆ ಹೊಡೆಯದಿರಲೆಂದು ಗೋಡೆಗಳಿಗೆ ಬೂದುಬಣ್ಣದ ಛಾಯೆಗಳನ್ನು ಬಳಿಸಿದರು. ಮೂರೂ ಕ್ಯಾಮೆರಾಗಳ ಫಿಲ್ಮನ್ನು ಒಟ್ಟಿಗೆ ನೋಡಿ ಕತ್ತರಿಸಲು ತರಿಸಿದ ಮೂವಿಯೋಲಾ ಯಂತ್ರಕ್ಕೆ ಎಡಿಟಿಂಗ್ ಕೋಣೆಯವರು ‘ರಾಕ್ಷಸ’ ಎಂದೇ ಹೆಸರಿಟ್ಟಿದ್ದರು. ಈ ಸರಣಿಯಲ್ಲಿ ನೀವು ಕೇಳುವ ನಗು ಆ ಆಸನಗಳಲ್ಲಿ ಕುಳಿತಿದ್ದವರ ನಿಜವಾದ ನಗು. ಇಷ್ಟು ವರ್ಷಗಳ ನಂತರವೂ ಚಿತ್ರ ಇಷ್ಟು ಸ್ವಚ್ಛವಾಗಿ ಕಾಣುವುದಕ್ಕೂ ಈ ಏರ್ಪಾಡೇ ಕಾರಣ.

ಈಗ ಗರ್ಭಧಾರಣೆಯ ವಿಷಯಕ್ಕೆ ಬರೋಣ. ಮೊದಲ ಸೀಸನ್ ಮುಗಿಯುವ ಹೊತ್ತಿಗೆ ಸರಣಿ ಜನಪ್ರಿಯತೆಯ ತುತ್ತತುದಿಯಲ್ಲಿತ್ತು. ಅಂಥ ಹೊತ್ತಿನಲ್ಲಿ ಲೂಸಿಲ್ ಎರಡನೇ ಮಗುವಿಗೆ ಗರ್ಭಿಣಿಯಾದರು. ಇದು ಕಾರ್ಯಕ್ರಮದ ಕೊನೆ ಎಂದೇ ಹಲವರು ಭಾವಿಸಿದರು. ನಿರ್ಮಾಪಕ ಮತ್ತು ಮುಖ್ಯ ಬರಹಗಾರ ಜೆಸ್ ಒಪನ್‌ಹೈಮರ್ ಮಾತ್ರ, ಲೂಸಿ ರಿಕಾರ್ಡೊಗೂ ಮಗುವಾಗಲಿ ಎಂದರು. ವಾಹಿನಿ, ಜಾಹೀರಾತು ಏಜೆನ್ಸಿ, ಪ್ರಾಯೋಜಕರು ಯಾರಿಗೂ ಇದು ಹಿಡಿಸಲಿಲ್ಲ. ಕುರ್ಚಿ ಮೇಜಿನ ಹಿಂದೆ ನಿಲ್ಲಿಸಿ ಹೊಟ್ಟೆ ಕಾಣದಂತೆ ಮಾಡಿ, ಇಲ್ಲವೇ ಒಂದೆರಡು ಕಂತಿನಲ್ಲಿ ಮುಗಿಸಿ ಎಂಬ ಸೂಚನೆಗಳು ಬಂದವು. ಡೆಸಿ ಅರ್ನಾಜ್ ನೇರವಾಗಿ ಫಿಲಿಪ್ ಮಾರಿಸ್ ಕಂಪನಿಯ ಮುಖ್ಯಸ್ಥರಿಗೇ ಬರೆದರು, ಅಲ್ಲಿಂದ ಬಂದ ಆದೇಶದ ನಂತರ ಯಾರೂ ಅಡ್ಡ ಬರಲಿಲ್ಲ. ಆದರೂ ‘ಗರ್ಭಿಣಿ’ ಎಂಬರ್ಥದ ಇಂಗ್ಲಿಷ್ ಪದವನ್ನು ಸಂಭಾಷಣೆಯಲ್ಲಿ ಬಳಸುವಂತಿರಲಿಲ್ಲ. ಒಬ್ಬ ಕ್ಯಾಥೊಲಿಕ್ ಪಾದ್ರಿ, ಒಬ್ಬ ಪ್ರಾಟೆಸ್ಟಂಟ್ ಧರ್ಮಗುರು, ಒಬ್ಬ ಯಹೂದಿ ರಬ್ಬಿ ಈ ಕಂತುಗಳ ಚಿತ್ರಕಥೆಯನ್ನು ಓದಿ ಒಪ್ಪಿಗೆ ಕೊಡುತ್ತಿದ್ದರು. ಆಕ್ಷೇಪಿಸುವಂಥದ್ದೇನೂ ಅವರಿಗೆ ಕಾಣಲಿಲ್ಲ.

ಹೀಗೆ 1952ರ ಡಿಸೆಂಬರ್ 8ರಿಂದ 1953ರ ಜನವರಿ 19ರವರೆಗೆ ಸಾಲಾಗಿ ಏಳು ಸೋಮವಾರ ಲೂಸಿಯ ಬಸಿರಿನ ಕಥೆ ನಡೆಯಿತು. ನನ್ನ ಮಟ್ಟಿಗೆ ಏಳರಲ್ಲಿ ಮೊದಲನೆಯದಾದ ‘ಲೂಸಿ ಈಸ್ ಆನ್‌ಸ್ಯಾಂತ್’ (ಕೊನೆಯ ಪದ ಫ್ರೆಂಚಿನದು, ಅರ್ಥ ಬಸುರಿ) ಎಲ್ಲಕ್ಕಿಂತ ಮೇಲು. ಡಾಕ್ಟರರ ಬಳಿ ಹೋಗಿ ಬಂದ ಲೂಸಿಗೆ ಮನೆಯಲ್ಲಿ ವಿಶೇಷವಿದೆಯೆಂದು ಗಂಡನಿಗೆ ಏಕಾಂತದಲ್ಲಿ ಹೇಳುವ ಆಸೆ. ಆದರೆ ಫೋನ್ ಬರುತ್ತದೆ, ಯಾರೋ ಬರುತ್ತಾರೆ, ರಿಹರ್ಸಲ್ ಇದೆಯೆಂದು ಆತ ಹೊರಡುತ್ತಾನೆ, ಇಡೀ ದಿನ ಬಾಯಿ ಬಿಡಲು ಆಗುವುದೇ ಇಲ್ಲ. ಕೊನೆಗೆ ರಾತ್ರಿ ಆಕೆ ಕ್ಲಬ್ಬಿಗೇ ಹೋಗಿ ಕೂರುತ್ತಾಳೆ. ಇಲ್ಲಿರುವ ಒಬ್ಬ ಹೆಂಡತಿ ತನ್ನ ಗಂಡನಿಗೆ ಸಿಹಿಸುದ್ದಿ ಹೇಳಬೇಕೆಂದಿದ್ದಾಳೆ, ಅವರಿಗಾಗಿ ಒಂದು ಹಾಡು ಹೇಳಿ ಎಂಬ ಹೆಸರಿಲ್ಲದ ಚೀಟಿ ವೇದಿಕೆಯ ಮೇಲಿದ್ದ ರಿಕಿಯ ಕೈಗೆ ಸಿಗುತ್ತದೆ. ಆತ ಖುಷಿಯಾಗಿ ಜೋಗುಳ ಹಾಡುತ್ತ ಮೇಜಿನಿಂದ ಮೇಜಿಗೆ ಹೋಗುತ್ತಾನೆ. ಇವರೇ ಇರಬೇಕೆಂದು ಒಂದೊಂದು ಜೋಡಿಯ ಮುಂದೆಯೂ ನಿಲ್ಲುತ್ತಾನೆ, ಅವರು ಅಲ್ಲವೆನ್ನುತ್ತಾರೆ. ಲೂಸಿ ಕುಳಿತ ಮೇಜಿಗೂ ಬಂದು, ಆಕೆ ಹೌದೆಂದು ತಲೆಯಾಡಿಸಿದ್ದನ್ನು ಕಂಡೂ ಮುಂದಕ್ಕೆ ಹೋಗುತ್ತಾನೆ. ಎರಡು ಹೆಜ್ಜೆ ಇಟ್ಟ ಮೇಲೆ ಅರ್ಥವಾಗುತ್ತದೆ. ತಿರುಗಿ ಬಂದು ಆಕೆಯನ್ನು ವೇದಿಕೆಯ ಕಡೆಗೆ ಕರೆದೊಯ್ದು ಹಾಡುವಾಗ ಇಬ್ಬರ ಕಣ್ಣಿನಲ್ಲೂ ನೀರಿದೆ, ಸ್ವರ ನಡುಗುತ್ತದೆ, ಸಾಲುಗಳು ತೊದಲುತ್ತವೆ. ಅಲ್ಲಿ ಅಭಿನಯ ನಿಂತುಹೋಗಿ ಗಂಡಹೆಂಡಿರಿಬ್ಬರು ತಮ್ಮದೇ ಸಂತೋಷದಲ್ಲಿ ಮುಳುಗಿದ್ದಾರೆ. ತಂಡದವರು ಆ ಟೇಕನ್ನೇ ಉಳಿಸಿಕೊಂಡರು. ಅರ್ಧ ಗಂಟೆಯ ಹಾಸ್ಯ ಕಾರ್ಯಕ್ರಮ ಅಳುವನ್ನೂ ಹೀಗೆ ತಾಳಿಕೊಳ್ಳಬಲ್ಲದು ಎಂದು ತೋರಿಸಿದ ಈ ಕ್ಷಣದ ಮುಂದೆ ಆಮೇಲಿನ ಎಲ್ಲ ಅಂಕಿಅಂಶಗಳೂ ಸಣ್ಣವು ಎಂಬುದು ನನ್ನ ಅಭಿಪ್ರಾಯ.

ಆ ಅಂಕಿಅಂಶಗಳನ್ನೂ ಹೇಳುತ್ತೇನೆ, ನೀವು ಕೇಳಿದ್ದೀರಿ. ಎರಡೂ ಹೆರಿಗೆ ಒಂದೇ ದಿನ ಆದದ್ದು ನಿಜ, ಆದರೆ ಅದು ನೇರಪ್ರಸಾರವಲ್ಲ. ‘ಲೂಸಿ ಗೋಸ್ ಟು ದ ಹಾಸ್ಪಿಟಲ್’ ಕಂತನ್ನು ಚಿತ್ರೀಕರಿಸಿದ್ದು 1952ರ ನವೆಂಬರ್ 14ರಂದು. ಲೂಸಿಲ್‌ರಿಗೆ ಸಿಸೇರಿಯನ್ ಆಗಬೇಕಿತ್ತು. ದಿನ ಮೊದಲೇ ಗೊತ್ತಾಗಿದ್ದರಿಂದ ಹೆರಿಗೆಯ ಕಂತಿನ ಪ್ರಸಾರವನ್ನೂ ಅದೇ ದಿನಕ್ಕೆ ಹೊಂದಿಸಿದರು. 1953ರ ಜನವರಿ 19ರ ಬೆಳಿಗ್ಗೆ ಲಾಸ್ ಏಂಜಲೀಸಿನ ಸೀಡರ್ಸ್ ಆಫ್ ಲೆಬನಾನ್ ಆಸ್ಪತ್ರೆಯಲ್ಲಿ ಡೆಸಿ ಅರ್ನಾಜ್ ಜೂನಿಯರ್ ಹುಟ್ಟಿದ, ರಾತ್ರಿ ಟಿವಿಯಲ್ಲಿ ಲಿಟ್ಲ್ ರಿಕಿ ಹುಟ್ಟಿದ. ಮಗು ಗಂಡೆಂದು ಬರಹಗಾರರು ಮೊದಲೇ ತೀರ್ಮಾನಿಸಿ ಗುಟ್ಟಾಗಿಟ್ಟಿದ್ದರು. ನಿಜಜೀವನದಲ್ಲೂ ಗಂಡೇ ಆಯಿತು. ಟಿವಿ ಇದ್ದ ಮನೆಗಳಲ್ಲಿ ನೂರಕ್ಕೆ 71.7ರಷ್ಟು ಮನೆಗಳು ಆ ಕಂತನ್ನು ನೋಡಿದವು, ನೋಡಿದವರ ಸಂಖ್ಯೆ ಸುಮಾರು 4.4 ಕೋಟಿ. ಮರುದಿನ ಅಧ್ಯಕ್ಷ ಐಸನ್‌ಹೋವರ್ ಪ್ರಮಾಣವಚನ ಸ್ವೀಕರಿಸಿದ್ದನ್ನು ಟಿವಿಯಲ್ಲಿ ನೋಡಿದವರು ಇದಕ್ಕಿಂತ ಬಹಳ ಕಡಿಮೆ. ಇಡೀ ಸೀಸನ್ನಿನ ಸರಾಸರಿ ರೇಟಿಂಗ್ 67.3. ಏಪ್ರಿಲ್ 3ರಂದು ದೇಶವ್ಯಾಪಿಯಾಗಿ ಶುರುವಾದ ‘ಟಿವಿ ಗೈಡ್’ ಪತ್ರಿಕೆಯ ಮೊದಲ ಸಂಚಿಕೆಯ ಮುಖಪುಟದಲ್ಲಿ ಈ ಹಸುಗೂಸೇ ಇತ್ತು.

ಆಸ್ಪತ್ರೆಯ ಆ ಕಂತನ್ನು ನೋಡುವಾಗ ಒಂದು ವಿಷಯ ಗಮನಿಸಿ. ಅದು ನಿಜಕ್ಕೂ ಲೂಸಿಯ ಕಂತಲ್ಲ. ರಿಕಿ, ಫ್ರೆಡ್, ಎಥಲ್ ಮೂವರೂ, ಹೆರಿಗೆ ನೋವು ಬಂದಾಗ ಯಾರು ಡಾಕ್ಟರಿಗೆ ಫೋನ್ ಮಾಡಬೇಕು, ಯಾರು ಸೂಟ್‌ಕೇಸ್ ಹಿಡಿಯಬೇಕು ಎಂದು ಗಡಿಯಾರದಂತೆ ತಾಲೀಮು ನಡೆಸುತ್ತಾರೆ. ನಿಜವಾಗಿ ಸಮಯ ಬಂದಾಗ ಒಬ್ಬರ ಮೇಲೊಬ್ಬರು ಬಿದ್ದು, ಸೂಟ್‌ಕೇಸಿನಲ್ಲಿದ್ದುದೆಲ್ಲ ಚೆಲ್ಲಾಡಿ, ಲೂಸಿಯನ್ನು ಮನೆಯಲ್ಲೇ ಬಿಟ್ಟು ಓಡುತ್ತಾರೆ. ಆಸ್ಪತ್ರೆ ತಲುಪುವಾಗ ಗಾಲಿಕುರ್ಚಿಯಲ್ಲಿ ಕುಳಿತಿರುವುದು ಗಂಡ! ತುಂಬುಗರ್ಭಿಣಿಗೆ ದೈಹಿಕ ಹಾಸ್ಯದ ಭಾರ ಹೊರಿಸದೆ ಅದನ್ನೆಲ್ಲ ಉಳಿದ ಮೂವರ ಮೇಲೆ ಹಾಕಿದ ಬರಹಗಾರರ ಜಾಣ್ಮೆ ಇದು. ಎಥಲ್ ಮತ್ತು ಫ್ರೆಡ್ ಆಗಿ ನಟಿಸಿದ ವಿವಿಯನ್ ವ್ಯಾನ್ಸ್ ಮತ್ತು ವಿಲಿಯಂ ಫ್ರಾಲಿ ಎಂಥ ನಟರು ಎಂಬುದು ಇಲ್ಲಿ ಗೊತ್ತಾಗುತ್ತದೆ.

ಹೆರಿಗೆಯ ನಂತರ ಲೂಸಿಲ್‌ರಿಗೆ ವಿಶ್ರಾಂತಿ ಬೇಕಿತ್ತು. ಆಕೆ ಇಲ್ಲದ ವಾರಗಳನ್ನು ತುಂಬಲು, ಮೊದಲೇ ಚಿತ್ರೀಕರಿಸಿದ್ದ ಕಥೆಗಳಿಗೆ ರಿಕಿ ಮತ್ತು ಮರ್ಟ್ಜ್ ದಂಪತಿ ಹಳೆಯದನ್ನು ನೆನೆಯುವ ಸಣ್ಣ ಮುನ್ನುಡಿ ಸೇರಿಸಿ ತೋರಿಸಿದರು, ಈಗಾಗಲೇ ಬಂದಿದ್ದ ಕಂತುಗಳನ್ನೂ ಮತ್ತೆ ಹಾಕಿದರು. ಜನ ಬೇಸರವಿಲ್ಲದೆ ನೋಡಿದರು. ಫಿಲ್ಮಿನ ಮೇಲೆ ಇದ್ದುದರಿಂದಲೇ ಇದು ಸಾಧ್ಯವಾಯಿತು. ಮರುಪ್ರಸಾರಕ್ಕೂ ಬೆಲೆಯಿದೆ ಎಂಬುದು ಇಂಥ ಅನುಭವದಿಂದ ಉದ್ಯಮಕ್ಕೆ ಮನದಟ್ಟಾಯಿತು, ಸಂಭಾವನೆ ಬಿಟ್ಟು ಪಡೆದ ಮಾಲೀಕತ್ವ ಡೆಸಿಲುವಿನ ದೊಡ್ಡ ಆಸ್ತಿಯಾಯಿತು. ಹಿಂದೆ ಲೂಸಿಲ್ ಸಂಬಳಕ್ಕೆ ನಟಿಸುತ್ತಿದ್ದ ಆರ್‌ಕೆಒ ಸ್ಟುಡಿಯೊವನ್ನು 1957ರಲ್ಲಿ ಈ ದಂಪತಿಯೇ ಕೊಂಡುಕೊಂಡರು. 1966ರಲ್ಲಿ ‘ಸ್ಟಾರ್ ಟ್ರೆಕ್’ ಹೊರಬಂದದ್ದೂ ಡೆಸಿಲುವಿನಿಂದಲೇ.

ಇಷ್ಟೆಲ್ಲ ಹೇಳಿದರೂ, ಮಗಳ ಜೊತೆ ಮೊದಲು ನೋಡಬೇಕಾದದ್ದು ಬಸಿರಿಗೆ ಸಂಬಂಧವೇ ಇಲ್ಲದ ಕಂತು. ಸೀಸನ್ ಶುರುವಾಗುವುದೇ ‘ಜಾಬ್ ಸ್ವಿಚಿಂಗ್’ನಿಂದ. ದುಡಿಯುವುದು ಕಷ್ಟವೋ ಮನೆ ನಡೆಸುವುದು ಕಷ್ಟವೋ ಎಂದು ವಾದ ಹುಟ್ಟಿ, ಹೆಂಗಸರು ಕೆಲಸಕ್ಕೆ ಹೋಗುತ್ತಾರೆ, ಗಂಡಸರು ಅಡುಗೆಮನೆ ಹಿಡಿಯುತ್ತಾರೆ. ಅತ್ತ ರಿಕಿ ಅಳತೆ ತಿಳಿಯದೆ ಅಕ್ಕಿ ಸುರಿದು, ಅದು ಉಬ್ಬಿ ಉಕ್ಕಿ ನೆಲಕ್ಕೆ ಹರಿದು, ಅಡುಗೆಮನೆ ರಣರಂಗವಾಗುತ್ತದೆ. ಇತ್ತ ಲೂಸಿ ಮತ್ತು ಎಥಲ್ ಚಾಕೊಲೇಟ್ ಕಾರ್ಖಾನೆಯಲ್ಲಿ ಕನ್ವೇಯರ್ ಬೆಲ್ಟಿನ ಮುಂದೆ ನಿಂತಿದ್ದಾರೆ. ಬೆಲ್ಟಿನ ಮೇಲೆ ಬರುವ ಒಂದೊಂದು ಚಾಕೊಲೇಟಿಗೂ ಕಾಗದ ಸುತ್ತಬೇಕು. ಒಂದು ಸುತ್ತದೆ ದಾಟಿಹೋದರೂ ಕೆಲಸದಿಂದ ವಜಾ ಎಂದು ಮೇಲ್ವಿಚಾರಕಿ ಗದರಿಸಿ ಹೋಗಿದ್ದಾಳೆ. ಮೊದಲು ಬೆಲ್ಟ್ ನಿಧಾನವಾಗಿದೆ, ಇಬ್ಬರೂ ಇದೇನು ಮಹಾ ಎಂಬ ಭಾವದಲ್ಲಿದ್ದಾರೆ. ವೇಗ ಏರುತ್ತದೆ. ಸುತ್ತಲಾಗದ್ದನ್ನು ಬಾಯಿಗೆ ಹಾಕಿಕೊಳ್ಳುತ್ತಾರೆ, ಬಾಯಿ ತುಂಬಿದ ಮೇಲೆ ಟೋಪಿಗೆ, ಟೋಪಿ ತುಂಬಿದ ಮೇಲೆ ರವಿಕೆಯೊಳಕ್ಕೆ ತುರುಕುತ್ತಾರೆ. ಮೇಲ್ವಿಚಾರಕಿ ಬಂದು ನೋಡುತ್ತಾಳೆ: ಬೆಲ್ಟ್ ಖಾಲಿ, ಇಬ್ಬರ ಕೆನ್ನೆಗಳು ಉಬ್ಬಿವೆ, ಮಾತಾಡುವಂತಿಲ್ಲ. ಕೆಲಸ ಚೆನ್ನಾಗಿ ನಡೆದಿದೆಯೆಂದು ಮೆಚ್ಚಿ ಆಕೆ ಬೆಲ್ಟಿನ ವೇಗವನ್ನು ಇನ್ನಷ್ಟು ಹೆಚ್ಚಿಸಲು ಆಜ್ಞೆ ಕೊಡುತ್ತಾಳೆ.

ನಿಮ್ಮ ಕೊನೆಯ ಪ್ರಶ್ನೆಗೆ, ಅಂದರೆ ಇವತ್ತಿನ ಮಕ್ಕಳು ನಗುತ್ತಾರೆಯೇ ಎಂಬುದಕ್ಕೆ, ಈ ದೃಶ್ಯವೇ ನನ್ನ ಉತ್ತರ. ಇದಕ್ಕೆ ಭಾಷೆಯ ಹಂಗಿಲ್ಲ, ಅಮೆರಿಕದ ಪರಿಚಯವೂ ಬೇಡ. ಎಷ್ಟು ದುಡಿದರೂ ಕೆಲಸ ಮುಗಿಯದ, ಚೆನ್ನಾಗಿ ಮಾಡಿದ್ದಕ್ಕೆ ಬಹುಮಾನವಾಗಿ ಇನ್ನಷ್ಟು ಕೆಲಸ ಸಿಗುವ ಸಂಕಟ ಶಾಲೆಯ ಮಕ್ಕಳಿಗೂ ಗೊತ್ತಿರುತ್ತದೆ. ನೋಡುವಾಗ ಆಶುಹಾಸ್ಯದಂತೆ ಕಂಡರೂ ಅದು ಹಾಗಲ್ಲ. ಮ್ಯಾಡಲಿನ್ ಪ್ಯೂ ಮತ್ತು ಬಾಬ್ ಕ್ಯಾರಲ್ ಜೂನಿಯರ್ ಎಂಬ ಬರಹಗಾರ ಜೋಡಿ ಲೂಸಿಯ ಪ್ರತಿ ಚಲನೆಯನ್ನೂ ಚಿತ್ರಕಥೆಯಲ್ಲಿ ವಿವರವಾಗಿ ಬರೆಯುತ್ತಿದ್ದರು, ಕಠಿಣವಾದ ಸಾಹಸಗಳನ್ನು ಪ್ಯೂ ಮೊದಲು ತಾವೇ ಮಾಡಿನೋಡುತ್ತಿದ್ದರು. ಅದನ್ನು ಲೂಸಿಲ್ ವಾರವಿಡೀ ಅಭ್ಯಾಸ ಮಾಡುತ್ತಿದ್ದರು. ದೇಹವನ್ನು ಹೀಗೆ ದುಡಿಸುವ ಹಾಸ್ಯಕ್ಕೆ ಶಿಸ್ತು ಎಷ್ಟು ಬೇಕೆಂಬುದು, ಆ ದೃಶ್ಯವನ್ನು ಎರಡನೇ ಸಲ ಬರೀ ಆಕೆಯ ಕಣ್ಣುಗಳನ್ನು ಗಮನಿಸುತ್ತ ನೋಡಿದರೆ ತಿಳಿಯುತ್ತದೆ.

ಅದಾದ ಮೇಲೆ ‘ಲೂಸಿ ಹೈರ್ಸ್ ಆ್ಯನ್ ಇಂಗ್ಲಿಷ್ ಟ್ಯೂಟರ್’ ನೋಡಿ. ಹುಟ್ಟುವ ಮಗುವಿನ ಕಿವಿಗೆ ಶುದ್ಧ ಇಂಗ್ಲಿಷ್ ಮಾತ್ರ ಬೀಳಬೇಕೆಂದು ಲೂಸಿ ಮೇಷ್ಟ್ರನ್ನು ನೇಮಿಸುತ್ತಾಳೆ. ಮಕ್ಕಳ ಕಥೆಯೊಂದನ್ನು ಗಟ್ಟಿಯಾಗಿ ಓದುವ ರಿಕಿ, ಒಂದೇ ರೀತಿ ಬರೆಯುವ ಅಕ್ಷರಗಳನ್ನು ಒಂದೊಂದು ಪದದಲ್ಲಿ ಒಂದೊಂದು ರೀತಿ ಉಚ್ಚರಿಸಬೇಕಾಗಿ ಬಂದಾಗ ಕಂಗಾಲಾಗುತ್ತಾನೆ. ಕಂತಿನ ಕೊನೆಗೆ ಬದಲಾಗುವುದು ಆತನಲ್ಲ, ಮೇಷ್ಟ್ರೇ ಕ್ಯೂಬಾದವರಂತೆ ಮಾತಾಡತೊಡಗುತ್ತಾನೆ. ಇಂಗ್ಲಿಷ್ ಮೀಡಿಯಂ ಶಾಲೆಯ ನಿಮ್ಮ ಮಗಳಿಗೆ ಇದು ಬೇರೆಲ್ಲಕ್ಕಿಂತ ಹತ್ತಿರವಾದೀತು. ಸರಣಿಯಲ್ಲಿ ರಿಕಿಯ ಉಚ್ಚಾರಣೆಯನ್ನು ಆಡಿಕೊಳ್ಳುವ ಸಲಿಗೆ ಹೆಚ್ಚಾಗಿ ಲೂಸಿಗೆ ಮಾತ್ರ ಇತ್ತು ಎಂಬುದನ್ನೂ ಗಮನಿಸಿ, ಅದರಲ್ಲಿ ಒಂದು ಮರ್ಯಾದೆಯಿದೆ. ‘ರಿಕಿ ಹ್ಯಾಸ್ ಲೇಬರ್ ಪೇನ್ಸ್’ ಕೂಡ ನೋಡುವಂಥದ್ದು: ಮನೆಯವರ ಗಮನವೆಲ್ಲ ಬಸುರಿಯ ಮೇಲೆಯೇ ಇರುವುದನ್ನು ಕಂಡು ಗಂಡನಿಗೇ ಹೊಟ್ಟೆನೋವು ಶುರುವಾಗುತ್ತದೆ, ಕೊನೆಗೆ ಆತನಿಗೂ ಸೀಮಂತದಂಥ ಒಂದು ಕೂಟ ಏರ್ಪಡಿಸಬೇಕಾಗುತ್ತದೆ.

ಕೆಲವು ಕಡೆ ನೀವು ಮಗಳೊಡನೆ ಮಾತಾಡಬೇಕಾಗುತ್ತದೆ. ಮನೆಯ ಹಣವೆಲ್ಲ ರಿಕಿಯ ಕೈಯಲ್ಲಿದೆ, ಲೂಸಿ ಮಗುವಿನಂತೆ ಗದರಿಸಿಕೊಳ್ಳುತ್ತಾಳೆ, ಹೊಡೆತವೂ ಈ ಸರಣಿಯಲ್ಲಿ ಹಾಸ್ಯವೆಂಬಂತೆ ಬಂದುಹೋಗುತ್ತದೆ. ಇದು ಆ ಕಾಲದ ರೂಢಿ ಎಂದಷ್ಟೇ ಹೇಳಿ ಮುಂದೆ ಹೋಗುವುದು ನನಗೆ ಸರಿಕಾಣುವುದಿಲ್ಲ. ಪ್ರತಿ ವಾರ ಮನೆಯ ಕಟ್ಟು ಮುರಿಯಲು ಹೊರಡುವ ಹೆಣ್ಣೇ ಇದರ ನಾಯಕಿ, ಪ್ರೇಕ್ಷಕರ ಪ್ರೀತಿ ಪೂರ್ತಿ ಅವಳ ಕಡೆಗಿದೆ, ಆದರೆ ಕಂತು ಮುಗಿಯುವಾಗ ಅವಳು ಮತ್ತೆ ಅದೇ ಮನೆಯೊಳಗಿರುತ್ತಾಳೆ. ಈ ಎಳೆದಾಟವನ್ನು ಮಕ್ಕಳು ತಾವಾಗಿಯೇ ಗುರುತಿಸುತ್ತಾರೆ. ಅಮೆರಿಕದ ಮೂಲನಿವಾಸಿಗಳನ್ನು ವೇಷದ ಮಟ್ಟಕ್ಕೆ ಇಳಿಸುವ ‘ದ ಇಂಡಿಯನ್ ಶೋ’ ಕಂತನ್ನು ಬಿಟ್ಟರೆ ನಷ್ಟವಿಲ್ಲ. ಆಸ್ಪತ್ರೆಯ ಕಂತಿನಲ್ಲಿ ರಿಕಿ ಕ್ಲಬ್ಬಿನಿಂದ ವೂಡೂ ಮಾಂತ್ರಿಕನ ವೇಷದಲ್ಲೇ ಬಂದು ನರ್ಸನ್ನು ಹೆದರಿಸುವ ಭಾಗವೂ ಇಂದು ಮುಜುಗರ ತರುತ್ತದೆ.

ಹೆರಿಗೆಯ ಕಂತನ್ನು ನೋಡಿದ ಮೇಲೆ ಸೀಸನ್ ಮುಗಿಯಿತೆಂದು ನಿಲ್ಲಿಸಬೇಡಿ. ನಡುವಿನ ಮುನ್ನುಡಿ ಸೇರಿಸಿದ ಕಂತುಗಳು ಸಾಧಾರಣ, ಅವುಗಳನ್ನು ದಾಟಿ ಏಪ್ರಿಲ್ 20ರ ‘ನೋ ಚಿಲ್ಡ್ರನ್ ಅಲೌಡ್’ ಕಂತಿಗೆ ಹೋಗಿ. ಲಿಟ್ಲ್ ರಿಕಿ ರಾತ್ರಿಯಿಡೀ ಅಳುತ್ತಾನೆ, ಈ ಕಟ್ಟಡದ ಕರಾರಿನಲ್ಲಿ ಮಕ್ಕಳಿಗೆ ಅವಕಾಶವಿಲ್ಲವೆಂದು ನೆರೆಯ ವೃದ್ಧೆ ಮಿಸೆಸ್ ಟ್ರಂಬುಲ್ ತಗಾದೆ ತೆಗೆಯುತ್ತಾಳೆ. ಮಾಲೀಕಳಾದ ಎಥಲ್ ಬಾಡಿಗೆದಾರರ ಪರ ನಿಂತು ಆಕೆಯ ಬಾಯಿ ಮುಚ್ಚಿಸುತ್ತಾಳೆ. ಆಮೇಲೆ ತಾನು ಮಾಡಿದ ಉಪಕಾರವನ್ನು ಸಿಕ್ಕಸಿಕ್ಕವರ ಮುಂದೆಲ್ಲ ಬಣ್ಣಿಸುತ್ತ ಹೋಗಿ, ಕೊನೆಗೆ ಲೂಸಿಯ ತಾಳ್ಮೆ ಕೆಟ್ಟು ಜಗಳವಾಗುತ್ತದೆ. ಅಂದು ದೂರು ಹೊತ್ತು ಬಂದ ಮಿಸೆಸ್ ಟ್ರಂಬುಲ್ ಮುಂದಿನ ಕಂತುಗಳಲ್ಲಿ ಆ ಮಗುವನ್ನು ನೋಡಿಕೊಳ್ಳುವ ಅಜ್ಜಿಯಂತಾಗುತ್ತಾಳೆ, ಮೇ 18ರ ಕಂತಿನಲ್ಲಿ ರಿಕಾರ್ಡೊ ಕುಟುಂಬ ಮಗುವಿಗೆ ಪ್ರತ್ಯೇಕ ಕೋಣೆಯಿರುವ ದೊಡ್ಡ ಮನೆಗೆ ಅದೇ ಕಟ್ಟಡದಲ್ಲಿ ಬದಲಾಗುತ್ತದೆ.